ಆರ್‌ಸಿ ಕಾರಿನ ಕೈ ಮುರಿಯುವುದೆಲ್ಲಿ?

ಕಾಫಿ ಒಣಗಿ ಮೂಟೆ ಸೇರಿದ ಮೇಲೆ ಖಾಲಿ ಬೀಳುವ ಸಿಮೆಂಟು ಕಣಕ್ಕಿಂತ ಒಳ್ಳೆಯ ಆರ್‌ಸಿ (ರೇಡಿಯೊ ನಿಯಂತ್ರಿತ) ಕಾರಿನ ಟ್ರ್ಯಾಕ್ ಕೊಡಗಿನಲ್ಲಿ ಸಿಗುವುದು ಕಷ್ಟ. ಹತ್ತನೇ ಒಂದು ಅಳತೆಯ ಕಾರು ವೇಗದಲ್ಲಿ ಬಂದು ಕಣದ ಅಂಚುಕಟ್ಟೆಗೆ ಬಡಿದರೆ ಸಾಮಾನ್ಯವಾಗಿ ಮೊದಲು ಮುರಿಯುವುದು ಮುಂದಿನ ಸಸ್ಪೆನ್ಷನ್ ಆರ್ಮ್, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕೈ. ಅಂಥ ಬಿಡಿಭಾಗವನ್ನು ಗೋಣಿಕೊಪ್ಪದ ಅಂಗಡಿಯಲ್ಲಿ ನಿರೀಕ್ಷಿಸುವಂತಿಲ್ಲವಾದ್ದರಿಂದ ಕ್ಯಾಡ್ ತಂತ್ರಾಂಶದಲ್ಲಿ ತಾವೇ ವಿನ್ಯಾಸ ಮಾಡಿ ತ್ರೀಡಿ ಪ್ರಿಂಟರಿನಲ್ಲಿ ತಯಾರಿಸಿಕೊಳ್ಳುವುದು ಉತ್ಸಾಹಿಗಳ ದಾರಿ. ಅವರಿಗೆ ಸಿಗುವ ಮೊದಲ ಸಲಹೆ ಮಾತ್ರ ಯಾವಾಗಲೂ ಒಂದೇ: ‘ಇನ್ನೂ ಸ್ವಲ್ಪ ದಪ್ಪ ಮಾಡು, ಇನ್‌ಫಿಲ್ (ಒಳಗೆ ತುಂಬುವ ಪ್ಲಾಸ್ಟಿಕ್ ಪ್ರಮಾಣ) ನೂರಕ್ಕೆ ನೂರು ಕೊಡು.’ ಇಷ್ಟು ಪ್ಲಾಸ್ಟಿಕ್ ದಂಡ ಮಾಡಿಸಿದ ಸಲಹೆ ಇನ್ನೊಂದಿರಲಾರದು.

ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿ. ಕೈಯ ನಡುಭಾಗ ಹೆಚ್ಚಿನ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಕೈ ಮೇಲೆ ಕೆಳಗೆ ಆಡಲು ಆಧಾರವಾದ ಹಿಂಜ್ ಪಿನ್ ಹಾಯುವ ಕೊಳವೆಗೆ ಕೈ ಬಂದು ಸೇರುವ ಒಳಮೂಲೆಯಿಂದ ಬಿರುಕು ಹೊರಟಿರುತ್ತದೆ. ಪ್ರತಿ ಚದರ ಮಿಲಿಮೀಟರಿಗೆ ಬೀಳುವ ಬಲ, ಅಂದರೆ ಪೀಡನ, ವಸ್ತುವಿನೊಳಗೆ ಎಲ್ಲೆಡೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ಆಕಾರ ಥಟ್ಟನೆ ಬದಲಾಗುವ ಕಡೆ ಅದು ಒತ್ತೊತ್ತಾಗಿ ಸೇರುತ್ತದೆ. ಎಷ್ಟೇ ಎಳೆದರೂ ಹರಿಯದ ಶಾಂಪೂ ಸ್ಯಾಶೆ ಅಂಚಿನ ಸಣ್ಣ ಕಚ್ಚಿನಿಂದ ಸಲೀಸಾಗಿ ಹರಿಯುವುದೂ ಇದೇ ಕಾರಣಕ್ಕೆ.

ಈ ವಿದ್ಯಮಾನವನ್ನು ಲೆಕ್ಕಕ್ಕೆ ತಂದವರಲ್ಲಿ ಪ್ರಮುಖರು ಬ್ರಿಟಿಷ್ ಎಂಜಿನಿಯರ್ ಚಾರ್ಲ್ಸ್ ಇಂಗ್ಲಿಸ್. ಬಿರುಕು ಮತ್ತು ಚೂಪು ಮೂಲೆಗಳಿರುವ ತಗಡಿನ ಕುರಿತು ಅವರು 1913ರಲ್ಲಿ ಪ್ರಬಂಧ ಮಂಡಿಸಿದ್ದು ಹಡಗು ವಿನ್ಯಾಸಕಾರರ ಮುಂದೆ. ಅವರ ಸೂತ್ರದಂತೆ, ಎಳೆತಕ್ಕೆ ಸಿಕ್ಕ ಅಗಲವಾದ ತಗಡಿನಲ್ಲಿ ಸಣ್ಣದೊಂದು ದುಂಡು ರಂಧ್ರವಿದ್ದರೆ ಅದರ ಅಂಚಿನಲ್ಲಿ ಪೀಡನ 3 ಪಟ್ಟಾಗುತ್ತದೆ. ರಂಧ್ರವು ಎಳೆತಕ್ಕೆ ಅಡ್ಡವಾಗಿ ದೀರ್ಘವೃತ್ತದಂತೆ ಚಾಚಿ, ಉದ್ದವು ಅಗಲದ 4 ಪಟ್ಟಾದರೆ ತುದಿಯಲ್ಲಿ 9 ಪಟ್ಟಾಗುತ್ತದೆ. ತುದಿ ಚೂಪಾದಷ್ಟೂ ಈ ಸಂಖ್ಯೆ ಏರುತ್ತಲೇ ಹೋಗುತ್ತದೆ.

ಕ್ಯಾಡ್‌ನಲ್ಲಿರುವ ಫಿಲೆಟ್ ಎಂಬ ಆಜ್ಞೆಯ ಬೆಲೆ ತಿಳಿಯುವುದು ಆಗಲೇ. ಒಳಮೂಲೆಗೆ 3 ಮಿಲಿಮೀಟರ್ ತ್ರಿಜ್ಯದ ದುಂಡುತನ ಕೊಡಲು ಒಂದು ಗ್ರಾಂ ಪ್ಲಾಸ್ಟಿಕ್ ಕೂಡ ಬೇಕಾಗುವುದಿಲ್ಲ. ಆದರೆ ಅನೇಕರು ಅದನ್ನು ಅಲಂಕಾರವೆಂದು ತಿಳಿದು ಹೊರಗಿನ ಅಂಚುಗಳನ್ನೆಲ್ಲ ನುಣುಪಾಗಿಸಿ, ನಿಜವಾಗಿ ಬೇಕಿದ್ದ ಒಳಮೂಲೆಯನ್ನೇ ಬಿಟ್ಟಿರುತ್ತಾರೆ. ದಪ್ಪ ಎರಡು ಪಟ್ಟಾದರೆ ಬಾಗುವಿಕೆಗೆ ಒಡ್ಡುವ ಪ್ರತಿರೋಧ 8 ಪಟ್ಟಾಗುವುದೇನೋ ನಿಜ; ಆದರೆ ಬಾಗದ ಕೈ ಪೆಟ್ಟನ್ನು ತಾನು ನುಂಗದೆ ಮುಂದಕ್ಕೆ ದಾಟಿಸುತ್ತದೆ, ಆಗ ಒಡೆಯುವುದು ಅದಕ್ಕಿಂತ ದುಬಾರಿಯಾದ ಗೇರ್‌ಬಾಕ್ಸಿನ ಕವಚ.

ಪ್ರಿಂಟ್ ಮಾಡುವ ದಿಕ್ಕೂ ಅಷ್ಟೇ ಮುಖ್ಯ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಪದರವಾಗಿ ಪೇರಿಸುವ ಪ್ರಿಂಟರಿನಲ್ಲಿ ಪದರಗಳ ನಡುವಿನ ಬೆಸುಗೆಯೇ ದುರ್ಬಲ ಜಾಗ. ಕೈಯನ್ನು ಮಲಗಿಸಿ ಪ್ರಿಂಟ್ ಮಾಡಿದರೆ ಎಳೆತ ಪದರದ ಉದ್ದಕ್ಕೆ ಸಾಗುತ್ತದೆ; ನಿಲ್ಲಿಸಿ ಮಾಡಿದರೆ ಫಿಲೆಟ್ ಇದ್ದೂ ಕೈ ಪದರದ ಗೆರೆಯಲ್ಲೇ ಬಿಟ್ಟುಕೊಳ್ಳುತ್ತದೆ.

ಕ್ಯಾಡ್ ಎಂದರೆ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವುದು ಎಂಬ ತಿಳಿವಳಿಕೆಯನ್ನೂ ಬಿಡಬೇಕು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಐವನ್ ಸದರ್ಲೆಂಡ್ 1963ರಲ್ಲಿ ಎಂಐಟಿಯ ಡಾಕ್ಟರೇಟ್ ಪ್ರಬಂಧದಲ್ಲಿ ವಿವರಿಸಿದ ಸ್ಕೆಚ್‌ಪ್ಯಾಡ್ ಎಂಬ ತಂತ್ರಾಂಶದಲ್ಲಿಯೇ, ಎರಡು ಗೆರೆಗಳು ಸಮಾಂತರವಾಗಿರಬೇಕು ಎಂದು ವಿಧಿಸಿದರೆ ಕಂಪ್ಯೂಟರ್ ಆ ನಿಯಮವನ್ನು ತಾನೇ ಪಾಲಿಸುತ್ತಿತ್ತು. ಇಂದು ಉಚಿತವಾಗಿ ಸಿಗುವ ಫ್ರೀಕ್ಯಾಡ್ ಕೂಡ ಅದೇ ತತ್ತ್ವದ ಮೇಲೆ ನಿಂತಿದೆ: ರಂಧ್ರಗಳ ನಡುವಿನ ಅಂತರವೆಂಬ ಒಂದು ಸಂಖ್ಯೆಯನ್ನು ತಿದ್ದಿದರೆ, ನಿಯಮಗಳನ್ನು ಸರಿಯಾಗಿ ಕೊಟ್ಟಿದ್ದ ಪಕ್ಷದಲ್ಲಿ, ಇಡೀ ಕೈ ಅದಕ್ಕೆ ತಕ್ಕಂತೆ ಹೊಂದಿಕೊಳ್ಳುತ್ತದೆ. ಆ ಅಂತರವನ್ನು ಹಳೆಯ ಭಾಗದಿಂದ ಪಡೆಯುವ ಸುಲಭ ಉಪಾಯವೊಂದಿದೆ. ವರ್ನಿಯರ್ ಕ್ಯಾಲಿಪರ್‌ನಿಂದ ಎರಡು ರಂಧ್ರಗಳ ದೂರದ ಅಂಚುಗಳ ನಡುವೆ ಒಮ್ಮೆ, ಹತ್ತಿರದ ಅಂಚುಗಳ ನಡುವೆ ಇನ್ನೊಮ್ಮೆ ಅಳೆದು ಸರಾಸರಿ ತೆಗೆದರೆ ಕೇಂದ್ರದಿಂದ ಕೇಂದ್ರಕ್ಕಿರುವ ದೂರವೇ ಸಿಗುತ್ತದೆ. ಪ್ರಿಂಟಾದ ರಂಧ್ರ ತುಸು ಕಿರಿದಾಗುವುದರಿಂದ 3 ಮಿಲಿಮೀಟರ್ ಪಿನ್ನಿಗೆ 3.2 ಎಂದು ಕೊಟ್ಟು ನೋಡುವುದು ಒಳ್ಳೆಯದು.

ಇನ್ನು ವಸ್ತುವಿನ ಆಯ್ಕೆ. ತ್ರೀಡಿ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆತ್ತಗಾಗುವುದರಿಂದ ಅದರ ಭಾಗಗಳಿರುವ ಕಾರನ್ನು ಬಿಸಿಲಿಗೆ ನಿಲ್ಲಿಸಿದ ಜೀಪಿನೊಳಗೆ ಬಿಡಬಾರದು. ಪೆಟ್ಟು ತಾಳಲು ನೈಲಾನ್ ಲೇಸು, ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ಆಷಾಢದ ಮಡಿಕೇರಿಯಲ್ಲಿ ತೆರೆದಿಟ್ಟ ನೈಲಾನ್ ಸುರುಳಿಯನ್ನು ಒಣಗಿಸದೆ ಬಳಸಿದರೆ ಪ್ರಿಂಟರಿನ ಬಿಸಿ ನಾಜಲ್‌ನಲ್ಲಿ ನೀರು ಆವಿಯಾಗಿ ಚಟಚಟ ಸದ್ದು ಬರುತ್ತದೆ, ಪದರಗಳಲ್ಲಿ ಗುಳ್ಳೆ ಉಳಿಯುತ್ತದೆ, ಅಂಥ ಒಂದೊಂದು ಗುಳ್ಳೆಯೂ ಇಂಗ್ಲಿಸ್ ಲೆಕ್ಕದ ರಂಧ್ರವೇ.