ಮಳೆಗಾಲದ ಕೆಮ್ಮಲ್ಲ, ಮಾತ್ರೆಯ ಕೆಮ್ಮು

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೂರು ತಿಂಗಳಿಂದ ಕೆಮ್ಮುತ್ತಿದ್ದರು. ಕಫ ಇಲ್ಲ, ಜ್ವರ ಇಲ್ಲ, ಗಂಟಲಲ್ಲಿ ಬರೀ ಕಿರಿಕಿರಿ. "ಮಳೆಗಾಲ ಅಲ್ವಾ ಸಿಸ್ಟರ್, ನಮ್ಮ ಕಡೆ ಯಾರಿಗೆ ಕೆಮ್ಮಿಲ್ಲ ಹೇಳಿ" ಅಂದರು. ಮನೆಯಲ್ಲಿ ಕಷಾಯ ಆಗಿತ್ತು, ನಾಲ್ಕು ಬಾಟಲಿ ಸಿರಪ್ ಖಾಲಿಯಾಗಿತ್ತು. ಅವರ ಚೀಲದಲ್ಲಿದ್ದ ಮಾತ್ರೆಗಳನ್ನೆಲ್ಲ ಮಂಚದ ಮೇಲೆ ಸುರಿದು ನೋಡಿದೆ. ಬಿಪಿಗೆ ಎನಾಲಾಪ್ರಿಲ್ ಇತ್ತು. ಅದು ಶುರುವಾಗಿದ್ದು ಬೇಸಿಗೆಯ ಕೊನೆಗೆ. ಡಾಕ್ಟರಿಗೆ ತಿಳಿಸಿದೆ, ಅವರು ಲೊಸಾರ್ಟಾನ್ ಅನ್ನುವ ಬೇರೆ ಬಿಪಿ ಮಾತ್ರೆಗೆ ಬದಲಿಸಿದರು. ಮುಂದಿನ ತಿಂಗಳು ಬಂದಾಗ ಕೆಮ್ಮು ನಿಂತಿತ್ತು. ಕಷಾಯದಿಂದಲೇ ನಿಂತಿದ್ದು ಅಂತ ಅವರ ಮನೆಯವರು ಈಗಲೂ ಹೇಳುತ್ತಾರೆ.

ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ ಅನ್ನುವುದು ನರ್ಸಿಂಗ್ ಓದುವ ನಿಮಗೆ ಗೊತ್ತು. ಪರೀಕ್ಷೆಯಲ್ಲಿ ಬರೆದು ಅಂಕ ತಗೊಂಡಿದ್ದೀರಿ. ಆದರೆ ರೋಗಿ ಬಂದು "ನನಗೆ ಅಡ್ಡಪರಿಣಾಮ ಆಗಿದೆ" ಅನ್ನಲ್ಲ. "ಗದ್ದೆ ಕೆಲಸ ಜಾಸ್ತಿ ಆಯ್ತು, ಕಾಲು ಬಾತಿದೆ" ಅಂತಾರೆ. ಅದು ಬಿಪಿಯ ಅಮ್ಲೋಡಿಪಿನ್ ಇರಬಹುದು. "ಹಾಸಿಗೆಯಿಂದ ಎದ್ರೆ ತಲೆ ಧಿಮ್ ಅನ್ನತ್ತೆ" ಅಂತಾರೆ. ಅದು ಇನ್ನೊಂದು ಬಿಪಿ ಮಾತ್ರೆ, ಪ್ರಾಜೋಸಿನ್ ಇರಬಹುದು. ಹೃದಯಕ್ಕೆ ಡಿಗಾಕ್ಸಿನ್ ತಗೊಳ್ಳುವವರು "ಊಟ ಸೇರ್ತಿಲ್ಲ, ದೀಪದ ಸುತ್ತ ಹಳದಿ ಕಾಣತ್ತೆ" ಅಂದರೆ ಔಷಧಿ ಮೈಯಲ್ಲಿ ಜಾಸ್ತಿ ಆಗಿರಬಹುದು, ಮಾತ್ರೆ ಕೊಡದೆ ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಎದೆಗೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿ. ಬಡಿತ ಎಷ್ಟೇ ಬಂದರೂ ಡಾಕ್ಟರಿಗೆ ಹೇಳದೆ ಆ ಡೋಸ್ ಬೇಡ. 60ಕ್ಕಿಂತ ಕಡಿಮೆ ಇದ್ದರಂತೂ ಕೊಡಲೇಬೇಡಿ, ಕೂಡಲೇ ಡಾಕ್ಟರಿಗೆ ತಿಳಿಸಿ.

ಒಮ್ಮೆ ಹದಿನೇಳರ ಹುಡುಗಿಗೆ ವಾಂತಿ ನಿಲ್ಲಲಿ ಅಂತ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೊಟ್ಟಿದ್ದೆವು. ಕೆಲವು ಗಂಟೆ ಕಳೆದ ಮೇಲೆ ಕುತ್ತಿಗೆ ಒಂದು ಪಕ್ಕಕ್ಕೆ ತಿರುಚಿಕೊಂಡಿತು. ಕಣ್ಣುಗುಡ್ಡೆ ಮೇಲೆ ಹೋಗಿ ಅಲ್ಲೇ ನಿಂತಿತು. ಅಜ್ಜಿ ಚೌಡಿಗೆ ಹರಕೆ ಹೊತ್ತುಬಿಟ್ಟರು. ಡಾಕ್ಟರ್ ಹೇಳಿದಂತೆ ಪ್ರೊಮೆಥಜೀನ್ ಕೊಟ್ಟೆವು. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಕೂತು ನೀರು ಕೇಳಿದಳು. ಹರೆಯದವರಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಮೆಟೊಕ್ಲೋಪ್ರಮೈಡ್‌ನಿಂದ ಹೀಗಾಗುವುದು ಜಾಸ್ತಿ. ಅಜ್ಜಿಯ ಹರಕೆಗೆ ನಗಬೇಡಿ. "ಇವಳ ಕಣ್ಣು ಯಾಕೋ ಸರಿ ಇಲ್ಲ" ಅಂತ ನಮಗಿಂತ ಮೊದಲು ಕಂಡುಹಿಡಿದವರು ಅವರೇ.

ಇನ್ಸುಲಿನ್ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಓದಿ. ನಮ್ಮಲ್ಲಿ ಇನ್ಸುಲಿನ್‌ನ ಎರಡು ಬಗೆಯ ವಯಲ್, ಅಂದರೆ ಪುಟ್ಟ ಬಾಟಲಿ, ಬರುತ್ತವೆ. ಒಂದರಲ್ಲಿ ಮಿಲಿಲೀಟರಿಗೆ 40 ಯೂನಿಟ್, ಇನ್ನೊಂದರಲ್ಲಿ 100. ಸಿರಿಂಜೂ ಬೇರೆ ಬೇರೆ. 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ನಾನು ಎರಡನೇ ವರ್ಷದಲ್ಲಿದ್ದಾಗ 100ರ ವಯಲ್‌ಗೆ ಕೆಂಪು ಮುಚ್ಚಳದ ಸಿರಿಂಜ್ ಹಾಕಿ, 20 ಯೂನಿಟ್ ಅಂದುಕೊಂಡು 20ರ ಗೆರೆಗೆ ಎಳೆದಿದ್ದೆ. ಆ ಗೆರೆಗೆ ಬರುವುದು ಅರ್ಧ ಮಿಲಿಲೀಟರ್. ಅಂದರೆ 50 ಯೂನಿಟ್! ಹಿರಿಯ ಸಿಸ್ಟರ್ ಒಬ್ಬರು ಟ್ರೇಯಲ್ಲಿ ಬಿದ್ದಿದ್ದ ಕೆಂಪು ಮುಚ್ಚಳ ನೋಡಿ ನನ್ನ ಮಣಿಕಟ್ಟು ಹಿಡಿದರು. ಬೈಯಲಿಲ್ಲ. ವಯಲ್ ಮೇಲಿನ ಅಂಕಿಯನ್ನು ಜೋರಾಗಿ ಓದಿಸಿದರು, ಅಷ್ಟೇ.

ಇನ್ಸುಲಿನ್ ಕೊಡುವ ಮೊದಲು ಊಟ ಬಂದಿದೆಯಾ ಕೇಳಿ. ಕೊಟ್ಟ ಮೇಲೆ ಮತ್ತೆ ಹೋಗಿ ಮಾತಾಡಿಸಿ. ಆಷಾಢದ ಚಳಿಯಲ್ಲಿ ಕಂಬಳಿ ಹೊದ್ದವರ ಹಣೆ ಬೆವರಿದ್ದರೆ "ಸೆಖೆನಾ ಯಜಮಾನ್ರೇ?" ಅಂತ ಕೇಳಿ ಮುಂದೆ ಹೋಗಬೇಡಿ. ಕೂಡಲೇ ಶುಗರ್ ನೋಡಿ. ಕಡಿಮೆ ಇದ್ದು, ಎಚ್ಚರ ಇದ್ದು, ನುಂಗಲು ಆಗುತ್ತಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಲ್ಲಿ ಕಲಸಿ ಕೊಡಿ, 15 ನಿಮಿಷಕ್ಕೆ ಮತ್ತೆ ಶುಗರ್ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ಡಾಕ್ಟರನ್ನು ಕರೆಯಿರಿ.

ಹೆಸರು ಕೇಳುವುದಕ್ಕೂ ಒಂದು ರೀತಿ ಇದೆ. "ನೀವು ಮಂಜಮ್ಮ ಅಲ್ವಾ?" ಅಂದರೆ ಕಿವಿ ಮಂದವಾದ ಅಜ್ಜಿ ಯಾರೇ ಆಗಿರಲಿ, ಹೂಂ ಅಂತಾರೆ. "ನಿಮ್ಮ ಹೆಸರೇನಮ್ಮ?" ಅಂತ ಕೇಳಿ, ಕೈಪಟ್ಟಿಯನ್ನೂ ನೋಡಿ. ನಮ್ಮ ವಾರ್ಡುಗಳಲ್ಲಿ ಒಟ್ಟಿಗೆ ಮೂವರು ಮಂಜಮ್ಮ ಇರುವುದು ಹೊಸದೇನಲ್ಲ. ಇನ್ನು ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಡಿಸ್ಟಿಲ್ಡ್ ವಾಟರ್ ಜೊತೆ ಒಂದೇ ಡಬ್ಬಿಯಲ್ಲಿ ಇಡಲೇಬೇಡಿ. ನೀರು ಅಂದುಕೊಂಡು ಪೊಟ್ಯಾಸಿಯಂ ಅನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲಬಹುದು.

ನಮ್ಮ ಶಿವಮೊಗ್ಗ ಜಿಲ್ಲೆಯವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಹೊತ್ತ ಮಂಗನ ಕಾಯಿಲೆ ಇಂದಿಗೂ ಬೇಸಿಗೆಯ ಹೊತ್ತಿಗೆ ತಲೆ ಎತ್ತುತ್ತದೆ. ಅದರಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಇಳಿಯಬಹುದು, ರಕ್ತಸ್ರಾವ ಆಗಬಹುದು. ಹಾಗಾಗಿ ಕಾಡಿಗೆ ಹೋಗಿಬಂದವರಿಗೆ ಜ್ವರ ಅಂದರೆ ಆಸ್ಪಿರಿನ್, ಐಬುಪ್ರೊಫೆನ್, ಸೊಂಟಕ್ಕೆ ಡೈಕ್ಲೋಫೆನಾಕ್ ಸೂಜಿ, ಇವೆಲ್ಲ ರಕ್ತಸ್ರಾವ ಹೆಚ್ಚಿಸಬಹುದು, ಅಪಾಯ. ಪ್ಯಾರಾಸಿಟಮಾಲ್ ಕೊಡುತ್ತೇವೆ. ಆದರೆ ಮನೆಯಲ್ಲಿ ಈಗಾಗಲೇ ಎಷ್ಟು ನುಂಗಿದ್ದಾರೆ ಕೇಳಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು. ಲಿವರ್ ಕೆಟ್ಟವರಿಗೆ, ಕುಡಿಯುವವರಿಗೆ ಇನ್ನೂ ಕಡಿಮೆ. 650 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುವ ಡೋಲೋ ಮಾತ್ರೆ ಆರು ಆದರೆ 3900 ಮಿಲಿಗ್ರಾಂ ಆಗಿಹೋಯಿತು. ಅದರ ಜೊತೆ ನುಂಗುವ ಶೀತದ ಮಾತ್ರೆಯಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ.

ಅಡ್ಡಪರಿಣಾಮ ಕಂಡರೆ ಕೇಸ್ ಶೀಟಿನಲ್ಲಿ ರೋಗಿ ಹೇಳಿದ ಮಾತನ್ನೇ ಬರೆಯಿರಿ. ಇದನ್ನು ದೇಶದ ಮಟ್ಟದಲ್ಲಿ ವರದಿ ಮಾಡುವ ವ್ಯವಸ್ಥೆ 2010ರಿಂದ ಇದೆ. ಫೋನ್ 1800-180-3024, ದುಡ್ಡು ಬೀಳಲ್ಲ. ಡಾಕ್ಟರೇ ತುಂಬಬೇಕು ಅಂತಿಲ್ಲ, ನರ್ಸ್ ಕೂಡ ಫಾರಂ ತುಂಬಬಹುದು. ಸಾಬೀತು ಮಾಡಬೇಕಿಲ್ಲ, ಅನುಮಾನ ಸಾಕು. ರೋಗಿಯ ಪೂರ್ತಿ ಹೆಸರೂ ಬೇಡ, ಇನಿಶಿಯಲ್ ಸಾಕು. ಆ ಅಡಿಕೆ ಬೆಳೆಗಾರರ ಕೆಮ್ಮಿನ ಫಾರಂ ತುಂಬಲು ನನಗೆ ಬೇಕಾಗಿದ್ದು ಊಟದ ಬಿಡುವಿನ ಹತ್ತು ನಿಮಿಷ.