ಹುಳ ಕಚ್ಚಿಕೊಂಡು ಕಾದ ಗುಬ್ಬಿ

ಹಿತ್ತಲ ಗೋಡೆಯ ತೂತಿನಲ್ಲಿ ಗುಬ್ಬಿ ಗೂಡು ಕಟ್ಟಿತ್ತು. ಮರಿಗಳ ಚಿಂವ್ ಚಿಂವ್ ಕೇಳಿ, ನೋಡೋಣ ಅಂತ ಗೋಡೆಯಿಂದ ನಾಲ್ಕು ಹೆಜ್ಜೆ ಈಚೆ ನಿಂತೆ. ತಾಯಿ ಗುಬ್ಬಿ ಬಂತು. ಕೊಕ್ಕಿನಲ್ಲಿ ಹಸಿರು ಹುಳ ಒದ್ದಾಡುತ್ತಿತ್ತು. ಆದರೆ ಗುಬ್ಬಿ ಗೂಡಿಗೆ ಹೋಗಲಿಲ್ಲ. ತಂತಿಯ ಮೇಲೆ ಕೂತಿತು, ಕೊಂಬೆಗೆ ಹಾರಿತು, ಮತ್ತೆ ತಂತಿಗೆ ಬಂತು. ಬಾಲ ಪಟಪಟ ಕುಣಿಯುತ್ತಿತ್ತು. ನಾನು ಹಿಂದೆ ಸರಿದು ಬಾಗಿಲೊಳಗೆ ಹೋದೆ. ಅರ್ಧ ನಿಮಿಷವೂ ಆಗಿರಲಿಲ್ಲ, ಸೀದಾ ತೂತಿನೊಳಗೆ ನುಗ್ಗಿತು.

ಪ್ರಾಣಿ ಓಡಿಹೋಗದಿದ್ದರೆ ಅದಕ್ಕೆ ನಮ್ಮಿಂದ ತೊಂದರೆ ಇಲ್ಲ ಅಂತ ಅಲ್ಲಿಯ ತನಕ ನಂಬಿದ್ದೆ. ಹಾಗಲ್ಲ. ಕಾಲು ಕೀಳುವ ಎಷ್ಟೋ ಮೊದಲೇ ಅದರ ಮೈ ಎಚ್ಚೆತ್ತಿರುತ್ತದೆ. ಕಾವು ಕೂತ ಹಂಬೋಲ್ಟ್ ಪೆಂಗ್ವಿನ್‌ಗಳ ಎದೆಬಡಿತವನ್ನು ಸಂಶೋಧಕರು ಅಳೆದಿದ್ದಾರೆ. ಮನುಷ್ಯ 150 ಮೀಟರ್ ದೂರದಲ್ಲಿ ಸುಮ್ನೆ ನಡೆದು ಹೋದರೂ ಬಡಿತ ಏರಿತ್ತು. ಹತ್ತಿರಕ್ಕೇ ಹೋದಾಗ, ಅದು ಮೊದಲಿನಂತಾಗಲು ಅರ್ಧ ಗಂಟೆವರೆಗೂ ಬೇಕಾಯಿತು. ಎಲ್ಲ ಹಕ್ಕಿಗಳೂ ಇಷ್ಟು ಸೂಕ್ಷ್ಮ ಅಲ್ಲ. ಜನರ ನಡುವೆ ಬೆಳೆದ ಊರ ಹಕ್ಕಿಗಳು ನಮ್ಮನ್ನು ಸಾಕಷ್ಟು ಹತ್ತಿರ ಬಿಟ್ಟುಕೊಳ್ಳುತ್ತವೆ. ಹಾಗಾಗಿ ಇಷ್ಟೇ ಅಡಿ ದೂರ ನಿಲ್ಲಿ ಅಂತ ಲೆಕ್ಕ ಹೇಳಲು ಆಗುವುದಿಲ್ಲ. ಪ್ರಾಣಿಯನ್ನೇ ನೋಡಬೇಕು. ಮೇಯುವುದು ನಿಲ್ಲಿಸಿ ತಲೆ ಎತ್ತಿತೇ? ಅಳಿಲು ಇದ್ದಕ್ಕಿದ್ದಂತೆ ಕಾಂಡಕ್ಕೆ ಅಂಟಿಕೊಂಡು ಕಲ್ಲಾಯಿತೇ? ಒಂದೇ ಸಮ ಕೂಗತೊಡಗಿತೇ? ನೀವು ಜಾಸ್ತಿ ಹತ್ತಿರ ಬಂದಿದ್ದೀರಿ ಅಂತಲೇ ಅರ್ಥ. ಅದು ಮತ್ತೆ ತನ್ನ ಕೆಲಸಕ್ಕೆ ಮರಳುವವರೆಗೆ ಹಿಂದೆ ಸರಿಯಿರಿ.

ನಮ್ಮ ಕಣ್ಣೂ ಅವಕ್ಕೆ ಭಯವೇ. ಸ್ಟಾರ್ಲಿಂಗ್ ಹಕ್ಕಿಗಳು ತಿನ್ನುವ ಜಾಗದ ಕಡೆ ಒಬ್ಬರು ದಿಟ್ಟಿಸಿ ನೋಡಿದಾಗ ಅವು ಹಿಂಜರಿದವು. ಅದೇ ಮನುಷ್ಯ ದೃಷ್ಟಿ ಬೇರೆ ಕಡೆ ತಿರುಗಿಸಿದಾಗ ಬೇಗ ಬಂದು ಜಾಸ್ತಿ ತಿಂದವು. ನೇರ ನಡೆದು ಹೋಗುವ ಬದಲು ಓರೆಯಾಗಿ, ನಿಂತು ನಿಂತು ಹೋಗಿ. ಒಂದು ಬೈನಾಕ್ಯುಲರ್ ಇದ್ದರೆ ಇನ್ನೂ ಒಳ್ಳೆಯದು. ಅದರ ಮೇಲೆ 8×42 ಅಂತ ಬರೆದಿದ್ದರೆ, 40 ಮೀಟರ್ ಆಚೆಯ ಹಕ್ಕಿ 5 ಮೀಟರ್‌ನಲ್ಲಿ ಕೂತಂತೆ ಕಾಣುತ್ತದೆ. 42 ಅನ್ನುವುದು ಮುಂದಿನ ಮಸೂರದ ಅಗಲ, ಮಿಲಿಮೀಟರ್‌ಗಳಲ್ಲಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಮಾತ್ರ ದೀಪ ಆರಿಸಿದ ಕೋಣೆಯ ಕಿಟಕಿ. ಒಳಗೆ ಕತ್ತಲಿದ್ದರೆ ಹಗಲಲ್ಲಿ ಹೊರಗಿನಿಂದ ನಾವು ಕಾಣುವುದೇ ಕಷ್ಟ.

ಇನ್ನು ನಮ್ಮ ಕ್ಷೇಮದ ಮಾತು. ಹಾವು ಕಂಡರೆ ನಿಂತಲ್ಲಿಂದ ಹಿಂದೆ ಸರಿಯಿರಿ, ಅದು ಹೋಗಲು ದಾರಿ ಬಿಡಿ. ಹಿಡಿಯಲು, ಹೊಡೆಯಲು ಹೋಗಿ ಕಚ್ಚಿಸಿಕೊಂಡವರು ಬಹಳ ಜನ. ರಾತ್ರಿ ಹಿತ್ತಲಿಗೆ ಟಾರ್ಚ್ ಇಲ್ಲದೆ ಇಳಿಯಲೇಬೇಡಿ. ಜೇನುಗೂಡಿನ ಹತ್ತಿರ ಒಂದು ನೊಣ ಕುಟುಕಿದರೆ ಕೈ ಬೀಸದೆ ದೂರ ಹೋಗಿ. ಮುಳ್ಳಿನ ಬುಡದಿಂದ ಹೊರಡುವ ವಾಸನೆಯೇ ಉಳಿದ ನೊಣಗಳಿಗೆ ಕರೆ. ಮೂಗಿಗೆ ಅದು ಬಾಳೆಹಣ್ಣಿನಂತೆ ಬಡಿಯುತ್ತದೆ. ಮುಳ್ಳನ್ನು ಉಗುರಿನಿಂದ ತಕ್ಷಣ ಕೆರೆದು ತೆಗೆಯಿರಿ.

ನೆಲಕ್ಕೆ ಬಿದ್ದ ಬಾವಲಿಯನ್ನು ಮಾತ್ರ ಬರಿಗೈಯಲ್ಲಿ ಮುಟ್ಟಬೇಡಿ, ಎಷ್ಟೇ ಮರುಕ ಹುಟ್ಟಿದರೂ. ಅದರ ಹಲ್ಲಿನ ಗುರುತು ಕಣ್ಣಿಗೆ ಬೀಳದಷ್ಟು ಸಣ್ಣದಿರಬಹುದು, ರೇಬಿಸ್‌ಗೆ ಅಷ್ಟು ಸಾಕು. ಬಾವಲಿಯಾಗಲಿ ಬೇರೆ ಪ್ರಾಣಿಯಾಗಲಿ, ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸೋಪು ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬಹುದು.

ಹಕ್ಕಿಗಳಿಗೆ ಕಾಳು, ನೀರು ಇಡುವವರಿಗೂ ಒಂದು ಮಾತಿದೆ. ಬ್ರಿಟನ್ನಿನಲ್ಲಿ 2005ರ ಹೊತ್ತಿಗೆ ಗ್ರೀನ್‌ಫಿಂಚ್ ಹಕ್ಕಿಗಳಿಗೆ ಗಂಟಲು ಕಟ್ಟುವ ಒಂದು ರೋಗ ಹಬ್ಬಿತು. ಎಂಜಲಾದ ಕಾಳು, ನೀರಿನಿಂದ ಅದು ಒಂದರಿಂದ ಒಂದಕ್ಕೆ ದಾಟುತ್ತದೆ. ಮುಂದಿನ ವರ್ಷಗಳಲ್ಲಿ ಅವುಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗೆ ಇಳಿಯಿತು. ಪ್ರೀತಿಯಿಂದ ಇಟ್ಟ ತಟ್ಟೆಯೂ ರೋಗ ಹಂಚಬಲ್ಲದು ಅನ್ನುವುದು ನನಗೆ ಇವತ್ತಿಗೂ ಸಂಕಟದ ವಿಷಯ. ನೀರನ್ನು ದಿನಾ ಬದಲಿಸಿ, ತಟ್ಟೆಯನ್ನು ಉಜ್ಜಿ ತೊಳೆದು ಒಣಗಿಸಿ. ಗರಿ ಕೆದರಿಕೊಂಡು ಮಂಕಾಗಿ ಕೂತ ಹಕ್ಕಿ ಕಂಡರೆ ಕೆಲವು ವಾರ ಕಾಳು ಇಡುವುದನ್ನೇ ನಿಲ್ಲಿಸಿ.

ಸುಮಾರು ಎರಡು ವಾರಕ್ಕೆ ನಮ್ಮ ಗುಬ್ಬಿ ಮರಿಗಳು ಗೂಡು ಬಿಟ್ಟವು. ಒಂದು ಮರಿ ನೆಲಕ್ಕಿಳಿದು ಕುಪ್ಪಳಿಸುತ್ತಾ ಹೂವಿನ ಕುಂಡದ ಮರೆಗೆ ಸೇರಿತು. ಎತ್ತಿ ಒಳಗೆ ತರೋಣ ಅಂತ ಯಾರಿಗಾದರೂ ಅನ್ನಿಸುತ್ತದೆ ಅಲ್ವಾ? ಆದರೆ ಗರಿ ಮೂಡಿ ಕುಪ್ಪಳಿಸುವ ಮರಿ ಅನಾಥವಲ್ಲ. ಹಾರಾಟ ಕಲಿಯುವ ದಿನಗಳು ಅವು, ತಾಯಿ ತಂದೆ ಅಲ್ಲೇ ಎಲ್ಲೋ ಇರುತ್ತವೆ. ಮನುಷ್ಯರು ಮುಟ್ಟಿದರೆ ತಾಯಿ ಮರಿಯನ್ನು ಬಿಟ್ಟುಬಿಡುತ್ತದೆ ಅನ್ನುವುದು ನಿಜವಲ್ಲ. ಹಾಗಂತ ಮುಟ್ಟುವ ಅಗತ್ಯವೂ ಇಲ್ಲ. ಬೆಕ್ಕನ್ನು ಒಳಗೆ ಕೂಡಿಹಾಕಿ ಕಿಟಕಿಯ ಹಿಂದೆ ಕೂತೆ. ಮರಿ ಬಾಯಿ ತೆರೆದು ರೆಕ್ಕೆ ಅದುರಿಸಿತು. ತಂತಿಯಿಂದ ತಾಯಿ ಇಳಿದು ಬಂತು, ಈ ಸಲ ಒಮ್ಮೆಯೂ ಅನುಮಾನಿಸದೆ, ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು.