ಬೆಂಕಿಯ ಲೆಕ್ಕ ಪೊಲೀಸ್ ಠಾಣೆಯಲ್ಲಿ ಹುಟ್ಟಿದ ಬಗೆ

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ ನಡೆದ ಅಗ್ನಿ ಅವಘಡಗಳು 7,566. ಅವುಗಳಲ್ಲಿ ಸತ್ತವರು 7,435. ಇದನ್ನು ನಂಬುವುದಾದರೆ ನಮ್ಮಲ್ಲಿ ಹೊತ್ತಿಕೊಂಡ ಹೆಚ್ಚುಕಡಿಮೆ ಪ್ರತಿಯೊಂದು ಬೆಂಕಿಯೂ ಒಂದು ಜೀವ ತೆಗೆದಿರಬೇಕು. ಹಾಗಿರಲು ಸಾಧ್ಯವಿಲ್ಲ. ಈ ಪಟ್ಟಿ ಬೆಂಕಿಯನ್ನು ಎಣಿಸುವುದಿಲ್ಲ, ಹೆಣವನ್ನು ಎಣಿಸುತ್ತದೆ.

ಇದರ ಬೇರು ಹಳೆಯದು. ಈ ಅಂಕಿಗಳಿರುವ, ಆಕಸ್ಮಿಕ ಸಾವು ಹಾಗೂ ಆತ್ಮಹತ್ಯೆಗಳ ವಾರ್ಷಿಕ ವರದಿ 1967ರಿಂದ ಬರುತ್ತಿದ್ದು, ಅದಕ್ಕೆ ಆಧಾರ ಪೊಲೀಸ್ ಠಾಣೆಗಳಲ್ಲಿ ದಾಖಲಾಗುವ ಅಸಹಜ ಸಾವಿನ ಪ್ರಕರಣಗಳು. ಅಗ್ನಿಶಾಮಕ ಠಾಣೆಯಲ್ಲಿ ಬೇರೆಯದೇ ಪುಸ್ತಕವಿರುತ್ತದೆ: ಕರೆ ಬಂದ ಹೊತ್ತು, ವಾಹನ ಹೊರಟ ಹೊತ್ತು, ಸುಟ್ಟದ್ದೇನು, ನಷ್ಟದ ಅಂದಾಜು ಎಷ್ಟು. ಆದರೆ ಅಗ್ನಿಶಾಮಕ ಸೇವೆ ರಾಜ್ಯಗಳ ಹೊಣೆ. 1992ರ ಸಂವಿಧಾನ ತಿದ್ದುಪಡಿ ಅದನ್ನು ನಗರಾಡಳಿತದ ಕೆಲಸಗಳ ಪಟ್ಟಿಗೂ ಸೇರಿಸಿತು. ಹೀಗಾಗಿ ಒಂದೊಂದು ರಾಜ್ಯದ ಪುಸ್ತಕ ಒಂದೊಂದು ಬಗೆ. ವಿಮೆಯಿರುವ ಗೋದಾಮಿನ ನಷ್ಟಕ್ಕೆ ಕಾಗದಪತ್ರ ಹುಟ್ಟುತ್ತದೆ. ವರ್ಷದ ಮೇವೆಲ್ಲ ಬಣವೆಯಲ್ಲೇ ಬೂದಿಯಾದ ರೈತನ ನಷ್ಟ ಎಷ್ಟೋ ಸಲ ಊರು ದಾಟುವುದೇ ಇಲ್ಲ.

ಸಾವಿನ ಲೆಕ್ಕವಾದರೂ ಸರಿಯೇ? 2009ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು, 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು 1,63,000ಕ್ಕೂ ಹೆಚ್ಚೆಂದು ಅಂದಾಜಿಸಿತು. ಅದು ಪೊಲೀಸ್ ಲೆಕ್ಕದ ಆರು ಪಟ್ಟು. ಅವರಲ್ಲಿ ಸುಮಾರು 1,06,000 ಮಂದಿ ಹೆಂಗಸರು, ಬಹುಪಾಲು 15ರಿಂದ 34ರ ವಯಸ್ಸಿನವರು. ಇದನ್ನು ಓದಿದ ಮೇಲೆ ‘ಅಗ್ನಿ ಅವಘಡ’ ಎಂಬ ಪದವೇ ಅನುಮಾನ ಹುಟ್ಟಿಸುತ್ತದೆ. ಮದುವೆಯಾದ 7 ವರ್ಷಗಳೊಳಗೆ ಹೆಣ್ಣು ಸುಟ್ಟು ಸತ್ತು, ಅದಕ್ಕೆ ಮುನ್ನ ವರದಕ್ಷಿಣೆಗಾಗಿ ಕಿರುಕುಳ ನಡೆದದ್ದು ಕಂಡುಬಂದರೆ ಅದನ್ನು ವರದಕ್ಷಿಣೆ ಸಾವೆಂದೇ ಪರಿಗಣಿಸುವ ಕಾನೂನು 1986ರಲ್ಲಿ ಬಂತು. ಆದರೂ ಸುಟ್ಟಗಾಯಗಳ ವಾರ್ಡಿನಲ್ಲಿ, ಗಂಡನ ಮನೆಯವರು ಬಾಗಿಲಲ್ಲೇ ನಿಂತಿರುವಾಗ, ಮಂಚದ ಮೇಲಿನವಳು ‘ಸ್ಟವ್ ಸಿಡಿಯಿತು’ ಎಂದುಬಿಟ್ಟರೆ ಆ ಸಾವು ಆಕಸ್ಮಿಕದ ಕಾಲಮಿಗೆ ಹೋಗಿಬಿಡಬಹುದು.

1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ ಡೇರೆಯಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿ, ಹೆಚ್ಚಾಗಿ ಮಕ್ಕಳು, ಸತ್ತದ್ದನ್ನು ನಾಡು ಮರೆತಿಲ್ಲ. ಅಡುಗೆಮನೆಯ ಬೆಂಕಿಗೆ ಅಂಥ ನೆನಪಿಲ್ಲ. ಪೊಲೀಸ್ ಲೆಕ್ಕದಲ್ಲಿ 2014ರಲ್ಲಿ 19,513 ಇದ್ದ ಬೆಂಕಿ ಸಾವಿನ ಸಂಖ್ಯೆ 2022ರ ಹೊತ್ತಿಗೆ, ಎಂಟು ವರ್ಷಗಳಲ್ಲಿ, ಅರ್ಧಕ್ಕಿಂತ ಕೆಳಗಿಳಿಯಿತು. ಸೀಮೆಎಣ್ಣೆ ಸ್ಟವ್ ಹೋಗಿ ಗ್ಯಾಸ್ ಬಂದದ್ದು ಇದಕ್ಕೊಂದು ಕಾರಣವಿರಬಹುದು. ಆದರೆ ಆಸ್ಪತ್ರೆಯ ದಾಖಲೆಯನ್ನು ಠಾಣೆಯ ದಾಖಲೆಯೊಂದಿಗೆ ತಾಳೆ ನೋಡದೆ ಈ ಇಳಿಕೆಯನ್ನು ಪೂರ್ತಿ ನಂಬಲಾಗದು. ಸುಟ್ಟಗಾಯದಿಂದ ಹನ್ನೆರಡನೆಯ ದಿನ ನಂಜೇರಿ ತೀರಿಕೊಂಡವಳ ಮರಣಪತ್ರದಲ್ಲಿ ನಂಜನ್ನಷ್ಟೇ ಬರೆದಿದ್ದರೆ, ಆಸ್ಪತ್ರೆಯ ಲೆಕ್ಕದಲ್ಲೂ ಆಕೆ ಬೆಂಕಿಗೆ ಬಲಿಯಾದವಳಲ್ಲ.